ಬೆಂಗಳೂರಿಗೂ ಬೇಕು ಮಧ್ಯಾಹ್ನದ ಬಿಡುವು

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುವ ಕಚೇರಿ ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಸುಡುಬಿಸಿಲಿನಲ್ಲಿ ನೌಕರರು, ಕೆಲಸಕ್ಕಾಗಿ ಬರುವ ಜನ ನರಳಬಾರದೆಂದು ಸರ್ಕಾರ ನಡೆಸಿಕೊಂಡು ಬಂದಿರುವ ಏರ್ಪಾಡು ಇದು. ಬಹಳ ಒಳ್ಳೆಯ ಏರ್ಪಾಡು. ಆದರೆ ಅದೇ ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ಗುಳೆ ಎದ್ದು ಬೆಂಗಳೂರಿಗೆ ಬಂದ ಕೂಲಿಕಾರರು ಅದೇ ಏಪ್ರಿಲ್‌ನಲ್ಲಿ, ಅದೇ 1.30ರ ಹೊತ್ತಿನಲ್ಲಿ, ಉಲ್ಲಾಳದಲ್ಲೋ ನಾಗರಬಾವಿಯಲ್ಲೋ ಕೆಂಗೇರಿ ಉಪನಗರದಲ್ಲೋ ಮೂರನೇ ಮಹಡಿಯ ತಾರಸಿಗೆ ಜಲ್ಲಿ, ಸಿಮೆಂಟು ಹೊರುತ್ತಿರುತ್ತಾರೆ. ಅವರ ಊರಿನ ಕಚೇರಿಗೆ ಸಿಕ್ಕ ಬಿಡುವು ಅವರಿಗೆ ಸಿಕ್ಕಿಲ್ಲ.

ನನ್ನ ಬೇಡಿಕೆ ಒಂದೇ. ಮಾರ್ಚ್ 1ರಿಂದ ಮೇ 31ರವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಯಾರಿಂದಲೂ ನೇರ ಬಿಸಿಲಿನಲ್ಲಿ ಮೈಮುರಿಯುವ ಕೆಲಸ ಮಾಡಿಸಬಾರದು. ಅದಕ್ಕಾಗಿ ಯಾರ ಕೂಲಿಯೂ ಒಂದು ರೂಪಾಯಿ ಕಡಿತವಾಗಬಾರದು. ಇದನ್ನು ಸರ್ಕಾರ ಆದೇಶವಾಗಿ ಹೊರಡಿಸಬೇಕು.

ನಾನು ದುಬೈನ ಕಟ್ಟಡ ಕಾಮಗಾರಿಗಳಲ್ಲಿ ಬಹಳ ವರ್ಷ ಸೇಫ್ಟಿ ಸೂಪರ್‌ವೈಸರ್ ಆಗಿ ದುಡಿದವನು. ಹುಟ್ಟಿ ಬೆಳೆದದ್ದು ರಾಜಾಜಿನಗರದಲ್ಲಿ, ಈಗ ಮನೆ ಬಸವೇಶ್ವರನಗರದಲ್ಲಿ. ಹಾಗಾಗಿ ಎರಡು ಊರಿನ ಬಿಸಿಲನ್ನೂ, ಎರಡೂ ಊರುಗಳಲ್ಲಿ ಕಟ್ಟಡ ಏಳುವ ಬಗೆಯನ್ನೂ ಹತ್ತಿರದಿಂದ ಕಂಡಿದ್ದೇನೆ.

ದುಬೈ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳದ ಊರು. ಕುಡಿಯುವ ನೀರು ಬಹುತೇಕ ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸಿ ಮಾಡಿದ್ದು. 2000ದಲ್ಲಿ 9 ಲಕ್ಷದ ಆಸುಪಾಸಿನಲ್ಲಿದ್ದ ಜನಸಂಖ್ಯೆ ಈಗ 38 ಲಕ್ಷ ದಾಟಿದೆ. ಇಷ್ಟು ಬೇಗ ಬೆಳೆದ ಆ ಊರನ್ನು ಕಟ್ಟಿದವರು ಹೆಚ್ಚಾಗಿ ನಮ್ಮವರು: ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳದ ಕೂಲಿಗಳು. ಅಲ್ಲಿ ಎರಡು ದಶಕಗಳಿಂದ ಒಂದು ನಿಯಮವಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಮಾಡಿಸಿ ಸಿಕ್ಕಿಬಿದ್ದ ಕಂಪನಿಗೆ ಒಬ್ಬ ಕೂಲಿಗೆ 5,000 ದಿರ್ಹಂ ಲೆಕ್ಕದಲ್ಲಿ 50,000 ದಿರ್ಹಂವರೆಗೆ ದಂಡ. ಕುವೈತಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಕೆಲಸ ನಿಷಿದ್ಧ. ಕತಾರ್ 2021ರಿಂದ ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ 3.30ರವರೆಗೆ ಬಿಸಿಲಿನ ಕೆಲಸ ನಿಲ್ಲಿಸಿದೆ. ಅಷ್ಟೇ ಅಲ್ಲ, ಬಿಸಿ, ತೇವ, ಬಿಸಿಲು, ಗಾಳಿ ನಾಲ್ಕನ್ನೂ ಸೇರಿಸಿ ಅಳೆಯುವ ಮಾಪನ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಬೇಕೆಂದು ಅಲ್ಲಿ ಕಾನೂನು ಮಾಡಿದ್ದಾರೆ.

ಬೇಸಿಗೆಯಲ್ಲಿ ನಮ್ಮ ಕ್ಯಾಂಪಿನಿಂದ ಬಸ್ಸುಗಳು ಬೆಳಗಿನ ಜಾವವೇ ಹೊರಡುತ್ತಿದ್ದವು. ಸೂರ್ಯ ಹುಟ್ಟುವ ಹೊತ್ತಿಗೆ ಕಬ್ಬಿಣ ಕಟ್ಟುವವರು ಮೇಲೆ ಹತ್ತಿರುತ್ತಿದ್ದರು. 12.30ಕ್ಕೆ ಹಾರ್ನ್ ಕೂಗಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ಎಲ್ಲರೂ ನೆರಳಿಗೆ ಇಳಿಯಬೇಕು. ಯಾರೂ ಮೇಲೆ ಉಳಿದಿಲ್ಲವೆಂದು ನೋಡಿಬರುವುದು ನನ್ನ ಕೆಲಸ. ಶೌಚಾಲಯದ ಗೋಡೆಯ ಮೇಲೆ ಮೂತ್ರದ ಬಣ್ಣದ ಚಾರ್ಟ್ ಅಂಟಿಸಿರುತ್ತಿದ್ದೆವು. ತಿಳಿ ಹಳದಿಯಾದರೆ ಸರಿ, ಕಂದುಬಣ್ಣಕ್ಕೆ ತಿರುಗಿದ್ದರೆ ಕೆಲಸ ಬಿಟ್ಟು ನೀರು ಕುಡಿಯಬೇಕು. ಊರಿನಿಂದ ಹೊಸದಾಗಿ ಬಂದವರಿಗೆ ಮೊದಲ ದಿನ ಪೂರ್ತಿ ಕೆಲಸ ಕೊಡುತ್ತಿರಲಿಲ್ಲ. ಬಿಸಿಲಿಗೆ ಮೈ ಒಗ್ಗಲು ವಾರ, ಹತ್ತು ದಿನ ಬೇಕು. ಆ ದಿನಗಳಲ್ಲೇ ಬಿದ್ದು ಸಾಯುವವರು ಹೆಚ್ಚು.

ಕೊಲ್ಲಿ ದೇಶಗಳಲ್ಲಿ ಕೂಲಿಯ ಬದುಕು ಸುಖದ್ದು ಎಂದು ನಾನು ಹೇಳಲಾರೆ. ಒಂದೇ ಕೋಣೆಯಲ್ಲಿ ಅಷ್ಟೊಂದು ಜನ, ಊರಿನ ಸಾಲ, ವರ್ಷಗಟ್ಟಲೆ ಮಕ್ಕಳ ಮುಖ ಕಾಣದ ಸಂಕಟ ಇವೆಲ್ಲ ನನ್ನ ಕಣ್ಣೆದುರೇ ಇದ್ದವು. ನಿಯಮ ಮುರಿಯುವ ಕಂಪನಿಗಳೂ ಇದ್ದವು. ಆದರೂ ಬಿಸಿಲು ಮನುಷ್ಯನನ್ನು ಕೊಲ್ಲುತ್ತದೆ ಎಂಬುದನ್ನು ಆ ಮರುಭೂಮಿಯ ನಗರ ಕಾನೂನಿನಲ್ಲಿ ಒಪ್ಪಿಕೊಂಡಿದೆ. ನಮ್ಮ ನಗರ ಇನ್ನೂ ಒಪ್ಪಿಕೊಂಡಿಲ್ಲ.

ಒಪ್ಪಿಕೊಳ್ಳದಿರಲು ಕಾರಣವೂ ಇದೆ. ನಾವು ತಂಪು ಊರಿನವರೆಂಬ ನಂಬಿಕೆ ಇನ್ನೂ ಮನಸ್ಸಿನಿಂದ ಹೋಗಿಲ್ಲ. 1949ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಶುರುವಾದ ರಾಜಾಜಿನಗರದಲ್ಲಿ ನನ್ನ ಬಾಲ್ಯದ ಎಷ್ಟೋ ಮನೆಗಳಲ್ಲಿ ಫ್ಯಾನೇ ಇರಲಿಲ್ಲ. ಬೇಸಿಗೆ ರಜೆಯ ಮಧ್ಯಾಹ್ನ ಕೆಂಪು ನೆಲದ ಮೇಲೆ ಚಾಪೆಯಿಲ್ಲದೆ ಮಲಗಿದರೆ ನಿದ್ದೆ ಬರುತ್ತಿತ್ತು. 1951ರ ಜನಗಣತಿಯಲ್ಲಿ 7.79 ಲಕ್ಷವಿದ್ದ ಬೆಂಗಳೂರಿನ ಜನ 2011ರ ಹೊತ್ತಿಗೆ ಸುಮಾರು 85 ಲಕ್ಷ. ಆಮೇಲೆ ಎಷ್ಟಾಗಿದೆಯೆಂದು ಮಾಗಡಿ ರಸ್ತೆಯಲ್ಲಿ ಸಂಜೆ ಹೊರಟವರಿಗೆ ಹೇಳಬೇಕಾಗಿಲ್ಲ. ವಿಜಯನಗರದ ಒಳರಸ್ತೆಗಳಲ್ಲಿ 20–30ರ ಸೈಟಿನ ಮೇಲೆ ನಾಲ್ಕು ಮಹಡಿ ಎದ್ದಿದೆ. ಗಿಡ ನೆಡಲು ಒಂದಡಿ ಮಣ್ಣು ಉಳಿದಿಲ್ಲ. 1973ರಿಂದ ಈಚೆಗೆ ಬೆಂಗಳೂರಿನ ಹಸಿರು ಮತ್ತು ಕೆರೆಗಳಲ್ಲಿ ಬಹುಪಾಲು ಅಳಿದುಹೋಗಿದೆಯೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನಿಟ್ಟು ತೋರಿಸಿದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯಿಡೀ ಆ ಕಾವನ್ನು ಮನೆಯೊಳಕ್ಕೆ ಬಿಡುತ್ತದೆ. ಮೇಲಿನ ಮಹಡಿಯ ಬಾಡಿಗೆದಾರರಿಗೆ, ಶೀಟಿನ ಮನೆಯವರಿಗೆ ಇದು ಚೆನ್ನಾಗಿ ಗೊತ್ತು.

ಅಂಕಿಅಂಶವನ್ನೂ ನೋಡೋಣ. 2016ರ ಏಪ್ರಿಲ್ 25ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5. ಆ ಏಪ್ರಿಲ್ ಪೂರ್ತಿ ನಗರದ ಮಳೆಮಾಪಕದಲ್ಲಿ ಒಂದು ಹನಿ ಮಳೆಯೂ ದಾಖಲಾಗಲಿಲ್ಲ. ಅದೇ ತಿಂಗಳ 16ರಂದು ದುಬೈ ಮುಳುಗುವಷ್ಟು ಮಳೆ ಸುರಿದು ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು ನಿಂತಿತ್ತು. ಆ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವೆಂದು ಮುಖ್ಯಮಂತ್ರಿಯವರೇ ಹೇಳಿದರು. ವರ್ಷಕ್ಕೆ 900 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರು ಅಂದು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಬೇಕಾಯಿತು.

ಇಷ್ಟಾದರೂ ಕಾಗದದ ಮೇಲೆ ಬೆಂಗಳೂರಿಗೆ ಬಿಸಿಗಾಳಿ ಬರುವುದಿಲ್ಲ. ಬಯಲುಸೀಮೆಯ ಊರೊಂದರಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ತಲುಪಿದರೆ ಮಾತ್ರ ಹವಾಮಾನ ಇಲಾಖೆ ಬಿಸಿಗಾಳಿಯ ಲೆಕ್ಕ ಹಾಕುತ್ತದೆ. ಬೆಂಗಳೂರು ದಾಖಲೆ ಮುರಿದ ದಿನಗಳಲ್ಲೂ 40 ಮುಟ್ಟಿಲ್ಲ. ಆದ್ದರಿಂದ ಎಚ್ಚರಿಕೆ ಇಲ್ಲ, ಎಚ್ಚರಿಕೆ ಇಲ್ಲದ್ದರಿಂದ ಕ್ರಮವೂ ಇಲ್ಲ. ಆದರೆ 40ರ ಆ ಅಳತೆ ನೆರಳಿನಲ್ಲಿ, ಬಿಳಿ ಬಣ್ಣ ಬಳಿದ ಪೆಟ್ಟಿಗೆಯೊಳಗಿಟ್ಟ ಥರ್ಮಾಮೀಟರಿನದು. ಕೂಲಿ ನಿಲ್ಲುವುದು ನೆರಳಿನಲ್ಲಲ್ಲ. ಏಪ್ರಿಲ್ 24ರ ಆಸುಪಾಸಿನಲ್ಲಿ ನಡುಮಧ್ಯಾಹ್ನ ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ನೇರವಾಗಿ ಬರುತ್ತಾನೆ, ನೆಟ್ಟ ಕಂಬಕ್ಕೂ ಆಗ ನೆರಳಿರುವುದಿಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ಶೂನ್ಯ ನೆರಳಿನ ದಿನವೆಂದು ಅದನ್ನು ತೋರಿಸುತ್ತಾರೆ. ಆ ಹೊತ್ತಿನಲ್ಲಿ ಕಟ್ಟುತ್ತಿರುವ ಗೋಡೆಯ ಪಕ್ಕಕ್ಕೆ ಸರಿದರೂ ತಲೆಗೆ ನೆರಳು ಸಿಗದು. ಕಾದ ಸೆಂಟ್ರಿಂಗ್ ಶೀಟು, ಬಿಸಿ ಕಬ್ಬಿಣ, ಕೆಳಗೆ ಡಾಂಬರು. ಇವುಗಳ ನಡುವೆ 38 ಡಿಗ್ರಿಯೆಂಬುದು ಮೈಗೆ 38 ಆಗಿ ಉಳಿಯುವುದಿಲ್ಲ.

ನಮ್ಮ ಬಿಸಿಲಿಗೆ ಇನ್ನೊಂದು ಗುಣವಿದೆ. ದುಬೈನ ಸೆಕೆಯಲ್ಲಿ ಅಂಗಿ ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ, ಎಷ್ಟು ನೀರು ಹೋಯಿತೆಂದು ತಿಳಿಯುತ್ತದೆ. ಬೆಂಗಳೂರಿನ ಏಪ್ರಿಲ್‌ನ ಒಣಹವೆಯಲ್ಲಿ ಬೆವರು ಬಂದಕೂಡಲೇ ಆರಿಹೋಗುತ್ತದೆ. ಮೈಯಿಂದ ನೀರು ಹೋದದ್ದು ಗೊತ್ತೇ ಆಗುವುದಿಲ್ಲ. ತಲೆನೋವು, ಕಾಲಿನ ಸೆಳೆತ, ವಾಕರಿಕೆ ಬಂದಾಗಲೂ ಊಟ ಸರಿಯಾಗಲಿಲ್ಲವೆಂದುಕೊಳ್ಳುತ್ತಾರೆ. ಆಮೇಲೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ನೋಡಿದವರು ಕುಡಿದಿದ್ದಾನೆಂದು ಬೈದು ಮೂಲೆಯಲ್ಲಿ ಮಲಗಿಸುತ್ತಾರೆ. ಮೈಯ ಬಿಸಿ 40 ಡಿಗ್ರಿ ದಾಟಿ ಬುದ್ಧಿ ಕದಡುವ ಹೊತ್ತಿನಲ್ಲಿ ತಕ್ಷಣ ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ಆಸ್ಪತ್ರೆಗೆ ಒಯ್ಯದಿದ್ದರೆ ಪ್ರಾಣ ಹೋಗುತ್ತದೆ. ಆ ಸಾವನ್ನು ಹೃದಯಾಘಾತವೆಂದೋ ಮೇಲಿಂದ ಬಿದ್ದದ್ದೆಂದೋ ಬರೆದುಬಿಟ್ಟರೆ ಬಿಸಿಲಿನ ಲೆಕ್ಕಕ್ಕೆ ಅದು ಸೇರುವುದೇ ಇಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,344 ಹೆಚ್ಚು ಜನ ಸತ್ತಿದ್ದರೆಂದು ಗೊತ್ತಾದದ್ದು ಆಮೇಲೆ ಸಾವಿನ ಲೆಕ್ಕ ಹಿಡಿದು ನೋಡಿದ ಸಂಶೋಧಕರಿಂದ. ಆ ಪೆಟ್ಟಿನ ನಂತರ 2013ರಲ್ಲಿ ಅಲ್ಲಿನ ಪಾಲಿಕೆ ಬಿಸಿಲು ನಿರ್ವಹಣೆಗೆ ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು. ಬೆಂಗಳೂರು ಅಂಥ ಪೆಟ್ಟಿಗಾಗಿ ಕಾಯಬೇಕಾಗಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಮನೆ ಏಳುತ್ತಿತ್ತು. 30–40ರ ಸೈಟು, ಶೌಚಾಲಯವಿಲ್ಲ. ಬಾಂಡ್ಲಿ ಹೊರುತ್ತಿದ್ದ ಯಾದಗಿರಿ ಕಡೆಯ ತಾಯಿಯೊಬ್ಬಳಿಗೆ ನೀರಿನ ಬಾಟಲಿ ಕೊಡಲು ಹೋದರೆ ಬೇಡವೆಂದಳು. ನೀರು ಕುಡಿದರೆ ಆಮೇಲೆ ಹೋಗುವುದೆಲ್ಲಿಗೆ ಎಂಬುದು ಅವಳ ಚಿಂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟಲು ಒಣಗಿಸಿಕೊಂಡೇ ದುಡಿಯುತ್ತಿದ್ದಳು. ನಿಮ್ಮೂರಿನಲ್ಲಿ ಇದಕ್ಕಿಂತ ಬಿಸಿಲಲ್ಲವೇ ಅಮ್ಮಾ ಎಂದು ಕೇಳಿದೆ. ‘ನಮ್ಮೂರಾಗ ಬಿಸ್ಲ ಭಾಳ ಅದರಿ ಅಣ್ಣಾರ. ಆದ್ರ ಅಲ್ಲಿ ನಡು ಮಧ್ಯಾಹ್ನ ಯಾರೂ ಹೊಲ್ದಾಗ ನಿಂದ್ರಂಗಿಲ್ರಿ’ ಎಂದಳು. ಹೊತ್ತು ಏರುವುದರೊಳಗೆ ಕೆಲಸ ಮುಗಿಸಿ ಗಿಡದ ನೆರಳಿಗೆ ಬಂದು, ರೊಟ್ಟಿ ತಿಂದು, ಬಿಸಿಲು ಇಳಿದ ಮೇಲೆ ಮತ್ತೆ ಹೊಲಕ್ಕೆ ಹೋಗುವುದು ಬಯಲುಸೀಮೆಯ ರೈತರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಪದ್ಧತಿ. ಅವರನ್ನು ನಗರಕ್ಕೆ ಕರೆತಂದ ನಾವು ಆ ವಿವೇಕವನ್ನು ಅವರಿಂದ ಕಸಿದುಕೊಂಡಿದ್ದೇವೆ.

ಅದೇ ಮನೆಯ ತಾರಸಿಗೆ ಮೋಲ್ಡಿಂಗ್ ಹಾಕಿದ ಮರುದಿನ ಮೇಸ್ತ್ರಿ ಗೋಣಿತಾಟು ಹಾಸಿ, ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ. ಬಿಸಿಲಿಗೆ ಕಾಂಕ್ರೀಟು ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಅದಕ್ಕೆ ಕ್ಯೂರಿಂಗ್ ಬೇಕು. ಕೊಲ್ಲಿಯಲ್ಲಂತೂ ಬೇಸಿಗೆಯಲ್ಲಿ ಕಾಂಕ್ರೀಟನ್ನು ರಾತ್ರಿ ಹಾಕುತ್ತಾರೆ, ನೀರಿನ ಒಂದು ಪಾಲಿನ ಬದಲು ಮಂಜುಗಡ್ಡೆ ಬೆರೆಸುತ್ತಾರೆ. ಕಟ್ಟಡಕ್ಕೆ ಬಿಸಿಲು ತಾಗಬಾರದೆಂಬುದು ಪ್ರತಿಯೊಬ್ಬ ಎಂಜಿನಿಯರಿಗೂ ಗೊತ್ತು, ಅದಕ್ಕೆ ಖರ್ಚು ಮಾಡಲು ಮಾಲೀಕರೂ ಸಿದ್ಧ. ಆ ಕಾಂಕ್ರೀಟನ್ನು ಹೊತ್ತು ಹಾಕಿದವರಿಗೂ ಅದೇ ಕಾಳಜಿ ಸಿಗಬೇಕು.

ನಿಯಮ ತರಲಾಗದೆಂದು ಹೇಳುವವರ ಮಾತನ್ನೂ ಕೇಳಿದ್ದೇನೆ. ಕೆಲಸ ತಡವಾಗುತ್ತದೆ, ಖರ್ಚು ಏರುತ್ತದೆ ಎನ್ನುತ್ತಾರೆ ಗುತ್ತಿಗೆದಾರರು. ಬೆಳಿಗ್ಗೆ 6.30ರಿಂದ 12, ಮಧ್ಯಾಹ್ನ 3ರಿಂದ 6 ಎಂದು ಇಟ್ಟರೆ ಎಂಟೂವರೆ ಗಂಟೆ ಕೆಲಸ ಸಿಗುತ್ತದೆ. ಬಿಸಿಲಿನಲ್ಲಿ ಬಳಲಿದ ಕೂಲಿ ಮಧ್ಯಾಹ್ನದ ಆ ಮೂರು ಗಂಟೆಯಲ್ಲಿ ಮಾಡುವ ಕೆಲಸವೂ ಅಷ್ಟಕ್ಕಷ್ಟೆ, ತಪ್ಪುಗಳೇ ಹೆಚ್ಚು. ದಟ್ಟಣೆಯ ವೇಳೆ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ರೆಡಿಮಿಕ್ಸ್ ಲಾರಿಗಳು ಮಧ್ಯಾಹ್ನವೇ ಬರಬೇಕಾಗುತ್ತದೆಂಬ ಮಾತು ನಿಜ. ಅದಕ್ಕೆ ಸಂಚಾರ ಪೊಲೀಸರು ಆ ಮೂರು ತಿಂಗಳು ಬೆಳಗಿನ ಜಾವದಲ್ಲಿ ಈ ಲಾರಿಗಳಿಗೆ ಅವಕಾಶ ಕೊಡಬಹುದು. ಮುಂಜಾನೆಯ ಸದ್ದಿನ ಬಗ್ಗೆ ಅಕ್ಕಪಕ್ಕದವರು ದೂರುತ್ತಾರೆಂಬ ಮಾತಿದೆ. ಶಬ್ದ ಮಾಲಿನ್ಯ ನಿಯಮಗಳು ರಾತ್ರಿಯೆಂದು ಎಣಿಸುವುದು 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತನ್ನು. 6.30ಕ್ಕೆ ಕೆಲಸ ಶುರುವಾದರೆ ನಿಯಮ ಮುರಿದಂತಲ್ಲ. ಮೂರು ತಿಂಗಳು ಅರ್ಧ ಗಂಟೆ ಮುಂಚೆ ಎದ್ದರೆ ನಮಗೇನೂ ನಷ್ಟವಿಲ್ಲ.

ಇನ್ನು, ಇದು ಭಾರತದಲ್ಲಿ ನಡೆಯದೆಂಬ ಮಾತು. ಪಕ್ಕದ ಕೇರಳದಲ್ಲಿ ವರ್ಷಗಳಿಂದ ನಡೆಯುತ್ತಿದೆ. ಅಲ್ಲಿನ ಕಾರ್ಮಿಕ ಇಲಾಖೆ ಪ್ರತಿ ಬೇಸಿಗೆಯಲ್ಲಿ ಆದೇಶ ಹೊರಡಿಸಿ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನ ಕೆಲಸಕ್ಕೆ ವಿರಾಮ ಕೊಡುತ್ತದೆ. ಬೆಳಿಗ್ಗೆ 7ರಿಂದ ಸಂಜೆ 7ರೊಳಗೆ ಎಂಟು ಗಂಟೆ ಕೆಲಸ, ಪೂರ್ತಿ ಕೂಲಿ. ಕೇರಳದ ಕಟ್ಟಡಗಳು ಇದರಿಂದ ಅರ್ಧಕ್ಕೆ ನಿಂತಿಲ್ಲ.

ಪಶ್ಚಿಮ ಬೆಂಗಳೂರಿಗೆ ಈ ನಿಯಮ ಈಗಲೇ ಬೇಕಾಗಿರುವುದಕ್ಕೆ ಬಲವಾದ ಕಾರಣವೊಂದಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೆಟ್ರೊ ಮೂರನೇ ಹಂತ ನಮ್ಮ ಬಡಾವಣೆಗಳ ನಡುವೆಯೇ ಸಾಗಲಿದೆ. ಜೆ.ಪಿ. ನಗರದಿಂದ ಕೆಂಪಾಪುರದವರೆಗೆ ಹೊರವರ್ತುಲ ರಸ್ತೆಯುದ್ದಕ್ಕೂ ಒಂದು ಮಾರ್ಗ, ಹೊಸಹಳ್ಳಿಯಿಂದ ಕಡಬಗೆರೆಯವರೆಗೆ ಮಾಗಡಿ ರಸ್ತೆಯ ಮೇಲೆ ಇನ್ನೊಂದು. ಎರಡೂ ಸೇರಿ 44.65 ಕಿಲೋಮೀಟರ್, 15,611 ಕೋಟಿ ರೂಪಾಯಿ. ಬರುವ ಹಲವು ಬೇಸಿಗೆಗಳಲ್ಲಿ ಸಾವಿರಾರು ಜನ ನಾಗರಬಾವಿ, ಸುಮನಹಳ್ಳಿ, ಕಾಮಾಕ್ಷಿಪಾಳ್ಯದ ರಸ್ತೆಗಳಲ್ಲಿ ಬಯಲಿನಲ್ಲೇ ದುಡಿಯಲಿದ್ದಾರೆ. ರಸ್ತೆಗೆ ನೆರಳು ಕೊಡುತ್ತಿದ್ದ ಮರಗಳೂ ಈ ಕಾಮಗಾರಿಗೆ ಹೋಗುತ್ತವೆ. ಟೆಂಡರಿನ ಷರತ್ತಿನಲ್ಲಿ ಮಧ್ಯಾಹ್ನದ ಬಿಡುವು, ನೆರಳಿನ ಶೆಡ್ಡು, ತಣ್ಣನೆಯ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಈ ನಾಲ್ಕನ್ನು ಬರೆದುಬಿಟ್ಟರೆ ಗುತ್ತಿಗೆದಾರ ತನ್ನ ಲೆಕ್ಕದಲ್ಲಿ ಅದನ್ನು ಸೇರಿಸಿಕೊಂಡೇ ಬರುತ್ತಾನೆ. ಗುತ್ತಿಗೆ ಕೊಟ್ಟಾದ ಮೇಲೆ ಕೇಳಿದರೆ ತಕರಾರು ಏಳುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆದು ನಮಗೊಂದು ಪಶ್ಚಿಮ ನಗರ ಪಾಲಿಕೆ ಬಂದಿದೆ. ರಾಜ್ಯದ ಆದೇಶಕ್ಕೆ ಕಾಯದೆ ಅದು ತನ್ನದೇ ರಸ್ತೆ, ಚರಂಡಿ ಕಾಮಗಾರಿಗಳಲ್ಲಿ ಇದನ್ನು ಶುರುಮಾಡಬಹುದು. ಮನೆಯ ನಕ್ಷೆ ಮಂಜೂರು ಮಾಡುವಾಗಲೇ ಸೈಟಿನಲ್ಲಿ ತಾತ್ಕಾಲಿಕ ಶೌಚಾಲಯ, ನೀರು, ನೆರಳು ಇರಬೇಕೆಂದು ಷರತ್ತು ಹಾಕಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದೇ ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ವಸೂಲಾಗುತ್ತದೆ, ಆ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ಕಾಣೆ. ವಿಜಯನಗರದಲ್ಲಿ 2025ರ ಆಗಸ್ಟ್‌ನಲ್ಲಿ ತೆರೆದ ನೆಲದಡಿಯ ಪಾಲಿಕೆ ಬಜಾರ್‌ನಲ್ಲಿ ವ್ಯಾಪಾರಿಗಳಿಗೆ ಹವಾನಿಯಂತ್ರಣ ಸಿಕ್ಕಿದೆ. ಮನಸ್ಸು ಮಾಡಿದರೆ ನಗರಾಡಳಿತದಿಂದ ಆಗುತ್ತದೆಂಬುದಕ್ಕೆ ಅದೇ ಸಾಕ್ಷಿ.

ಬೈಕಿನಲ್ಲಿ ಊಟ, ಸಾಮಾನು ತರುವ ಹುಡುಗರನ್ನೂ ಮರೆಯಬಾರದು. ಇಂಥ ಕೆಲಸಗಾರರಿಗಾಗಿ ಕರ್ನಾಟಕ 2025ರಲ್ಲಿ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿದೆ. ಮುಂದಿನ ಹೆಜ್ಜೆಯಾಗಿ ರಾಜಾಜಿನಗರ, ವಿಜಯನಗರ, ಅತ್ತಿಗುಪ್ಪೆ, ಕೆಂಗೇರಿ ಮೆಟ್ರೊ ನಿಲ್ದಾಣಗಳ ಕೆಳಗಿನ ನೆರಳಿನಲ್ಲಿ ಅವರಿಗೆ ಕೂರಲು ಬೆಂಚು, ಕುಡಿಯಲು ನೀರು, ಬಳಸಲು ಶೌಚಾಲಯ ಒದಗಿಸಬಹುದು. ದುಬೈ ತನ್ನ ಬೈಕ್ ಸವಾರರಿಗೆ ಊರಿನ ಹಲವೆಡೆ ಹವಾನಿಯಂತ್ರಿತ ಕೊಠಡಿ ಕಟ್ಟಿಕೊಟ್ಟಿದೆ. ನಾವು ಕೇಳುತ್ತಿರುವುದು ಬೆಂಚು, ನೀರು, ಶೌಚಾಲಯ ಮಾತ್ರ.

ಕಾನೂನು ಬರುವವರೆಗೂ ನಮ್ಮ ಕೈಯಲ್ಲೇ ಆಗುವ ಕೆಲಸವಿದೆ. ಈ ಬೇಸಿಗೆಯಲ್ಲಿ ಮನೆ ಕಟ್ಟಿಸುವವರು, ಮೇಲೊಂದು ಮಹಡಿ ಏರಿಸುವವರು ಮೇಸ್ತ್ರಿಯ ಜತೆ ಒಪ್ಪಂದ ಮಾಡಿಕೊಳ್ಳುವಾಗ 12ರಿಂದ 3ರವರೆಗೆ ಬಿಡುವು ಎಂದು ಬರೆಸಿ, ಕೂಲಿ ಕಡಿಯಬೇಡಿ. ಸೈಟಿನಲ್ಲಿ ಹಸಿರು ನೆಟ್ ಕಟ್ಟಿಸಿ, ಮಡಕೆಯಲ್ಲಿ ನೀರಿಡಿಸಿ. ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ನಿಮ್ಮ ಮನೆಯ ಹೊರಗಿನ ಶೌಚಾಲಯದ ಬಾಗಿಲು ತೆರೆದಿಡಿ. ಪಾಲಿಕೆ ಚುನಾವಣೆಗೆ ಮತ ಕೇಳಲು ಬರುವವರಿಗೆ ರಸ್ತೆ, ಚರಂಡಿಯ ಜತೆಗೆ ಈ ಮೂರು ಗಂಟೆಯ ಬಿಡುವಿನ ಬಗ್ಗೆಯೂ ಪ್ರಶ್ನೆ ಹಾಕಿ, ಉತ್ತರ ಪಡೆಯದೆ ಕಳಿಸಬೇಡಿ.